28ಕ್ಕೆ ಬಂದು ದಾರಿ ಕಾಣದೆ ನಿಂತಿದ್ದರೆ, ಮೊದಲು ಒಂದು ವಾರವನ್ನು ಸರಿಮಾಡಿಕೊಳ್ಳಿ

ಭಾನುವಾರ ಸಂಜೆ ಆರೂವರೆ. ಹೊರಗೆ ಕತ್ತಲಾಗುತ್ತಿದೆ. ಎದ್ದು ಲೈಟ್ ಹಾಕಬೇಕು, ಹಾಕಿಲ್ಲ. ಮೊಬೈಲು ಕೈಯಲ್ಲೇ ಬಿಸಿಯಾಗಿದೆ. ಬೆಳಗ್ಗೆಯಿಂದ ಅದರಲ್ಲಿ ಏನು ನೋಡಿದೆ ಅಂತ ಯಾರಾದರೂ ಕೇಳಿದರೆ ಒಂದೂ ನೆನಪಿಲ್ಲ. ನಾಳೆ ಆಫೀಸು. ಹೋಗಬೇಕೆಂಬ ಆಸೆಯೂ ಇಲ್ಲ, ಬಿಟ್ಟುಬಿಡಬೇಕೆಂಬ ಹಟವೂ ಇಲ್ಲ. ನನಗೆ 28 ತುಂಬಿದ ವರ್ಷ ಎಷ್ಟೋ ಭಾನುವಾರಗಳು ಹೀಗೇ ಹೋದವು.

ಹೇಳಿಕೊಳ್ಳುವಂಥ ಕಷ್ಟ ಏನೂ ಇರಲಿಲ್ಲ. ತೊಡಕೇ ಅದು. ಕೆಲಸ ಇತ್ತು, ಸಂಬಳ ಬರುತ್ತಿತ್ತು, ಆರೋಗ್ಯ ಚೆನ್ನಾಗಿತ್ತು. 'ಏನಾಗಿದೆ ನಿನಗೆ?' ಅಂತ ಕೇಳಿದವರಿಗೆ 'ಏನಿಲ್ಲ' ಅನ್ನುತ್ತಿದ್ದೆ. ಅದು ಸುಳ್ಳಾಗಿರಲಿಲ್ಲ. ದುಃಖಪಡಲು ಕಾರಣ ಇರಲಿಲ್ಲ, ಬೆಳಗ್ಗೆ ಹುರುಪಿನಿಂದ ಏಳಲೂ ಕಾರಣ ಇರಲಿಲ್ಲ.

ನೀವೂ 26ರಿಂದ 30ರ ನಡುವೆ ಎಲ್ಲೋ ಇದ್ದು, ಹೊಳೆಗೆ ಬಿದ್ದ ಎಲೆಯ ಹಾಗೆ ದಿನ ದೂಡುತ್ತಿದ್ದರೆ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಇಲ್ಲಿ ಸುಮಾರು 12 ವಾರಕ್ಕೆ ಆಗುವಷ್ಟು ಕೆಲಸ ಇದೆ. 'ನನ್ನ ಜೀವನದ ಗುರಿ ಏನು?' ಅನ್ನುವ ಪ್ರಶ್ನೆಯಿಂದ ಮಾತ್ರ ನಾವು ಶುರುಮಾಡುವುದಿಲ್ಲ. ಆ ಪ್ರಶ್ನೆಯನ್ನು ನಾನು ಎರಡು ವರ್ಷ ತಲೆಯಲ್ಲಿ ಹೊತ್ತು ತಿರುಗಿದೆ. ತಲೆ ಭಾರವಾಯಿತೇ ಹೊರತು ಉತ್ತರ ಸಿಗಲಿಲ್ಲ. ವಾರದಲ್ಲಿ ಏನು ಮಾಡುತ್ತೇನೆ, ಯಾರ ಜೊತೆ ಮಾಡುತ್ತೇನೆ ಅನ್ನುವುದು ಬದಲಾದ ಮೇಲೆ ಆ ಪ್ರಶ್ನೆಯ ಕಾಟ ತಾನಾಗಿಯೇ ಕಡಿಮೆಯಾಯಿತು.

ಈ ವಯಸ್ಸಲ್ಲೇ ಯಾಕೆ?

ಅಲ್ಲಿಯವರೆಗೆ ಮುಂದಿನ ಮೆಟ್ಟಿಲು ಯಾವುದು ಅಂತ ಬೇರೆಯವರು ತೋರಿಸುತ್ತಿದ್ದರು. ಐದನೇ ತರಗತಿ ಆದ ಮೇಲೆ ಆರು, ಆರಾದ ಮೇಲೆ ಏಳು. ಪರೀಕ್ಷೆ, ರಿಸಲ್ಟು, ರಜೆ, ಮತ್ತೆ ಹೊಸ ಪುಸ್ತಕ. ವರ್ಷಕ್ಕೊಮ್ಮೆಯಾದರೂ 'ನೀನು ಪಾಸು' ಅಂತ ಯಾರೋ ಹೇಳುತ್ತಿದ್ದರು. ಕೆಲಸಕ್ಕೆ ಸೇರಿದ ಮೊದಲೆರಡು ವರ್ಷ ಹೊಸತನದಲ್ಲೇ ಕಳೆದುಹೋಗುತ್ತವೆ. ಆಮೇಲೆ ತರಗತಿಯೂ ಇಲ್ಲ, ಪಾಸು ಮಾಡುವವರೂ ಇಲ್ಲ.

ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2000ನೇ ಇಸವಿಯಲ್ಲಿ ಒಂದು ಮಾತು ಮುಂದಿಟ್ಟರು. 18ರಿಂದ 25ರವರೆಗಿನ ವಯಸ್ಸು ಹದಿಹರೆಯಕ್ಕೂ ಸೇರದ, ಪೂರ್ತಿ ದೊಡ್ಡವರ ಬದುಕಿಗೂ ಸೇರದ ಬೇರೆಯೇ ಒಂದು ಘಟ್ಟ ಅಂತ. ಹುಡುಕಾಡುವ ಘಟ್ಟ ಅದು. 25 ದಾಟಿ ಎರಡು ಮೂರು ವರ್ಷವಾದಾಗ, ಹುಡುಕಾಡಲು ಕೊಟ್ಟ ಸಮಯ ಮುಗಿಯಿತು ಅನ್ನಿಸುತ್ತದೆ. ಹುಡುಕಿದ್ದು ಮಾತ್ರ ಸಿಕ್ಕಿರುವುದಿಲ್ಲ. ಜೊತೆಗೆ, ಒಂದೇ ಬೆಂಚಿನಲ್ಲಿ ಕೂತಿದ್ದವರೆಲ್ಲ ಈಗ ಒಬ್ಬೊಬ್ಬರು ಒಂದೊಂದು ದಿಕ್ಕು. ಒಬ್ಬಳಿಗೆ ಮಗುವಾಗಿದೆ, ಒಬ್ಬ ಸ್ವಂತ ವ್ಯವಹಾರ ಶುರುಮಾಡಿದ್ದಾನೆ, ಇನ್ನೊಬ್ಬ ಮತ್ತೆ ಓದಲು ಹೋಗಿದ್ದಾನೆ. ಯಾರನ್ನು ನೋಡಿ ಅಳೆದುಕೊಳ್ಳಬೇಕು ಅನ್ನುವುದೇ ತಿಳಿಯುವುದಿಲ್ಲ.

ಹಾಗಾಗಿ ಇದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಮೆಟ್ಟಿಲು ಮುಗಿದ ಜಾಗದಲ್ಲಿ ಯಾರ ಕಾಲಾದರೂ ಒಂದು ಗಳಿಗೆ ತಡವರಿಸುತ್ತದೆ.

ಶುರುಮಾಡುವ ಮುನ್ನ ಒಂದು ಮಾತು

ಗುರಿ ಇಲ್ಲ ಅನ್ನಿಸುವುದು ಬೇರೆ, ಖಿನ್ನತೆ ಬೇರೆ. ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚುಕಡಿಮೆ ಇಡೀ ದಿನ ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಿದ್ದ ಯಾವುದೂ ಈಗ ರುಚಿಸದಿದ್ದರೆ, ನಿದ್ದೆ ಅಥವಾ ಹಸಿವು ಏರುಪೇರಾಗಿದ್ದರೆ ಡಾಕ್ಟರನ್ನು ನೋಡಿ. ಸಾಯುವ ಯೋಚನೆ ಬರುತ್ತಿದ್ದರೆ ಇವತ್ತೇ ನೋಡಿ. ಹತ್ತಿರದವರೊಬ್ಬರಿಗೆ ಈಗಲೇ ಫೋನ್ ಮಾಡಿ ಹೇಳಿ. ಈ ಲೇಖನ ಅದಕ್ಕೆ ಮದ್ದಲ್ಲ. ಕಾಲು ಮುರಿದಾಗ ಯಾರೂ ವ್ಯಾಯಾಮದ ಪುಸ್ತಕ ತೆರೆಯುವುದಿಲ್ಲ, ಅಲ್ವಾ?

ಮೊದಲ ಹೆಜ್ಜೆ: 7 ದಿನ ಬರೆದಿಡಿ

ಜೇಬಿಗೆ ಹಿಡಿಸುವ ಒಂದು ಚಿಕ್ಕ ಪುಸ್ತಕ, ಒಂದು ಪೆನ್ನು. ಮೊಬೈಲು ಬೇಡ. ಬರೆಯೋಣ ಅಂತ ಅದನ್ನು ತೆಗೆದರೆ ಕೈ ಬೇರೆಲ್ಲೋ ಹೋಗುತ್ತದೆ. ಹಾಳೆಯ ಮೇಲೆ ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿ. ಮೊದಲನೆಯದರಲ್ಲಿ ಏನು ಮಾಡಿದೆ. ಎರಡನೆಯದರಲ್ಲಿ ಯಾರ ಜೊತೆ. ಮೂರನೆಯದರಲ್ಲಿ ಒಂದು ಗುರುತು: ಮೈಮನಸ್ಸು ಚುರುಕಾಯಿತು ಅನ್ನಿಸಿದರೆ ಕೂಡಿಸುವ ಗುರುತು, ಸೊರಗಿತು ಅನ್ನಿಸಿದರೆ ಕಳೆಯುವ ಗುರುತು, ಎರಡೂ ಇಲ್ಲದಿದ್ದರೆ ಸೊನ್ನೆ. ದಿನಕ್ಕೆ ಮೂರು ಸಲ ಬರೆಯಿರಿ: ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ಪ್ರತಿ ಸಲಕ್ಕೆ ಎರಡು ನಿಮಿಷ ಸಾಕು.

ಬರೆಯದೆ ಸುಮ್ನೆ ನೆನಪಿಸಿಕೊಂಡರೆ ಆಗುವುದಿಲ್ಲವಾ? ಆಗುವುದಿಲ್ಲ. ಬೇಸರದಲ್ಲಿರುವ ಮನಸ್ಸು ಎಲ್ಲದಕ್ಕೂ ಒಂದೇ ಬಣ್ಣ ಬಳಿಯುತ್ತದೆ. 'ನನ್ನ ಕೆಲಸವೇ ಬೋರು', 'ನನಗೆ ಯಾರೂ ಇಲ್ಲ' ಅಂತ ಸಾರಾಸಗಟಾಗಿ ಹೇಳಿಬಿಡುತ್ತದೆ. ಪುಸ್ತಕ ಹಾಗಲ್ಲ. ಅದು ಗಂಟೆ ಗಂಟೆಯನ್ನೂ ಬಿಡಿಸಿ ತೋರಿಸುತ್ತದೆ.

ನನ್ನ ಪುಸ್ತಕ ತೋರಿಸಿದ್ದು ನಾನು ಎಣಿಸಿದ್ದೇ ಅಲ್ಲ. ಕಳೆಯುವ ಗುರುತುಗಳು ಆಫೀಸಿನ ಹೊತ್ತಿನಲ್ಲಿ ತುಂಬಿರುತ್ತವೆ ಅಂದುಕೊಂಡಿದ್ದೆ. ಅವು ಇದ್ದದ್ದು ಮನೆಗೆ ಬಂದು ಶೂ ಬಿಚ್ಚಿದ ಮೇಲಿನ ಎರಡು ಗಂಟೆಯಲ್ಲಿ. ಏಳೂ ದಿನ, ಅದೇ ಹೊತ್ತು, ಅದೇ ಹಾಸಿಗೆಯ ತುದಿ. ಕೂಡಿಸುವ ಗುರುತು ಇಡೀ ವಾರಕ್ಕೆ ಮೂರೇ ಮೂರು. ಹೊಸದಾಗಿ ಸೇರಿದ ಹುಡುಗಿಗೆ ಒಂದು ಕೆಲಸ ಹೇಗೆ ಮಾಡುವುದು ಅಂತ ಬಿಡಿಸಿ ಹೇಳಿದ್ದು. ಅಲುಗಾಡುತ್ತಿದ್ದ ಕುರ್ಚಿಯ ಕಾಲನ್ನು ಬಿಗಿ ಮಾಡಿದ್ದು. ಅಕ್ಕನ ಜೊತೆ ಫೋನಿನಲ್ಲಿ 40 ನಿಮಿಷ ಮಾತಾಡಿದ್ದು. ಅವತ್ತು ಇವಕ್ಕೂ 'ಗುರಿ' ಅನ್ನುವ ದೊಡ್ಡ ಮಾತಿಗೂ ಏನು ಸಂಬಂಧ ಅಂತ ನನಗೆ ಹೊಳೆದಿರಲಿಲ್ಲ. ನಿಮಗೂ ಹೊಳೆಯದಿರಬಹುದು. ಬರೆದಿಡಿ ಅಷ್ಟೇ.

ಇನ್ನೊಂದನ್ನು ಗಮನಿಸಿ. ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇದ್ದಾಗ ಏನು ಗುರುತು ಬೀಳುತ್ತದೆ ಅಂತ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ ಅನ್ನುವವರು 2,250 ಜನರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಹೇಗನ್ನಿಸುತ್ತಿದೆ? ಕೇಳಿದ ಹೊತ್ತಿನಲ್ಲಿ 46.9 ಶೇಕಡಾ ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುತ್ತಿದ್ದಾಗ ಜನ ಕಡಿಮೆ ಖುಷಿಯಲ್ಲಿದ್ದರು. ಮಾಡುತ್ತಿದ್ದ ಕೆಲಸ ಇಷ್ಟದ್ದೋ ಅಲ್ಲವೋ ಅನ್ನುವುದಕ್ಕಿಂತ, ಮನಸ್ಸು ಅಲ್ಲಿತ್ತೋ ಇಲ್ಲವೋ ಅನ್ನುವುದೇ ಖುಷಿಯ ಬಗ್ಗೆ ಜಾಸ್ತಿ ಹೇಳುತ್ತಿತ್ತು. ನಿಮ್ಮ ವಾರದಲ್ಲಿ ಮನಸ್ಸು ಪೂರ್ತಿ ನೆಟ್ಟಿದ್ದ ಗಂಟೆಗಳು ಯಾವುವು? ಅವುಗಳ ಸುತ್ತ ಒಂದು ವೃತ್ತ ಹಾಕಿ.

ಎರಡನೇ ಹೆಜ್ಜೆ: ಒಂದನ್ನು ಹಿಡಿಯಿರಿ, 12 ವಾರ ಬಿಡಬೇಡಿ

'ನಿನಗೇನು ಇಷ್ಟವೋ ಅದನ್ನು ಮಾಡು' ಅನ್ನುವ ಬುದ್ಧಿಮಾತನ್ನು ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಏನೂ ಇಷ್ಟವಾಗದ ಸ್ಥಿತಿಯಲ್ಲಿರುವವರಿಗೆ ಅದು ಗಾಯದ ಮೇಲೆ ಬರೆ. ಇಷ್ಟ ಅನ್ನುವುದು ಎಲ್ಲೋ ಹೂತಿಟ್ಟ ನಿಧಿ, ಅಗೆದರೆ ಸಿಗುತ್ತದೆ ಅಂತ ನಂಬಿದವರು ಎರಡು ದಿನ ಅಗೆದು, ಏನೂ ಕಾಣಲಿಲ್ಲ ಅಂತ ಇನ್ನೊಂದು ಗುಂಡಿ ತೋಡಲು ಹೋಗುತ್ತಾರೆ. ಪಾಲ್ ಓಕೀಫ್, ಕ್ಯಾರಲ್ ಡ್ವೆಕ್, ಗ್ರೆಗರಿ ವಾಲ್ಟನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಆಸಕ್ತಿ ಮೊದಲೇ ಒಳಗಿರುತ್ತದೆ, ಹುಡುಕಬೇಕಷ್ಟೇ ಅಂತ ನಂಬಿದವರ ಆಸಕ್ತಿ ಕಷ್ಟ ಎದುರಾದ ಕೂಡಲೇ ಇಳಿಯುತ್ತಿತ್ತು. ಆಸಕ್ತಿ ಬೆಳೆಯುವಂಥದ್ದು ಅಂತ ನಂಬಿದವರ ಆಸಕ್ತಿ ಅಷ್ಟು ಬೇಗ ಇಳಿಯುತ್ತಿರಲಿಲ್ಲ.

ನನ್ನ ಅನುಭವವೂ ಹಾಗೇ. ಕೈ ಪಳಗಿದ ಮೇಲೆ ಇಷ್ಟ ಹುಟ್ಟುತ್ತದೆ. ಕೈ ಪಳಗುವ ಮೊದಲಿನ ಆರು ವಾರ ಯಾವುದೂ ಚೆನ್ನಾಗಿರುವುದಿಲ್ಲ.

ಹಾಗಾದರೆ ಏನನ್ನು ಹಿಡಿಯುವುದು? ಇಷ್ಟವಾಗುವುದು ಏನೂ ಹೊಳೆಯದಿದ್ದರೆ ಪ್ರಶ್ನೆಯನ್ನು ಈ ಕಡೆಯಿಂದ ಕೇಳಿ ನೋಡಿ: ಬೇರೆಯವರು ಯಾವುದನ್ನು ಕೆಟ್ಟದಾಗಿ ಮಾಡಿದಾಗ ನಿಮಗೆ ಕೈ ತುರಿಸುತ್ತದೆ? ತಪ್ಪುತಪ್ಪಾಗಿ ಬರೆದ ಬೋರ್ಡು ಕಂಡರೆ ಸಿಟ್ಟು ಬರುತ್ತದಾ? ಸೊಟ್ಟಗೆ ಹೊಡೆದ ಮೊಳೆ? ಮಕ್ಕಳಿಗೆ ಅರ್ಥವಾಗದ ಹಾಗೆ ಗಣಿತ ಹೇಳಿಕೊಡುವುದು? ಗಿಡವನ್ನು ಒಣಗಲು ಬಿಟ್ಟವರು? ನಿಮಗೆ ಸಿಟ್ಟು ಬರುವ ಜಾಗದಲ್ಲಿ, ನಿಮಗೇ ತಿಳಿಯದ ಹಾಗೆ, ಒಂದು ಅಕ್ಕರೆ ಕೂತಿರುತ್ತದೆ. ಉದಾಸೀನ ಇರುವ ಕಡೆ ಸಿಟ್ಟು ಬರುವುದಿಲ್ಲ.

ಹೊಳೆದದ್ದನ್ನು ಮೂರು ಪ್ರಶ್ನೆಯಲ್ಲಿ ಸೋಸಿ. ಇದೇ ವಾರ ಶುರುಮಾಡಬಹುದಾ? ಒಂದು ತಿಂಗಳಾದ ಮೇಲೆ ಮೊದಲಿಗಿಂತ ಸುಧಾರಿಸಿದ್ದೇನೆ ಅಂತ ಕಣ್ಣಿಗೆ ಕಾಣುತ್ತದಾ? ಅದರಲ್ಲಿ ಇನ್ನೊಬ್ಬ ಮನುಷ್ಯನಾದರೂ ಇರುತ್ತಾನಾ, ಕಲಿಸುವವನೋ ಜೊತೆಗಾರನೋ? ಮೂರಕ್ಕೂ ಹೌದು ಅಂತಾದರೆ ಅದನ್ನೇ ಹಿಡಿಯಿರಿ. ಎರಡು ಮೂರು ಸಿಕ್ಕಿದರೆ ಚೀಟಿ ಎತ್ತಿ ಒಂದನ್ನು ಆರಿಸಿ. ಇಲ್ಲಿ ಸರಿಯಾದದ್ದನ್ನು ಆರಿಸುವುದಕ್ಕಿಂತ ಒಂದರಲ್ಲಿ ನಿಲ್ಲುವುದು ಮುಖ್ಯ.

12 ವಾರ ಅನ್ನುವುದಕ್ಕೂ ಒಂದು ಕಾರಣ ಇದೆ. ಫಿಲಿಪ್ಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಹಿಂಬಾಲಿಸಿ, ಒಂದು ಹೊಸ ರೂಢಿ ಮೈಗೂಡಲು ಎಷ್ಟು ದಿನ ಬೇಕು ಅಂತ ನೋಡಿದರು. ಸರಾಸರಿ 66 ದಿನ. ಒಬ್ಬರಿಗೆ 18 ಸಾಕಾದರೆ ಇನ್ನೊಬ್ಬರಿಗೆ 254 ಬೇಕಾಗುವಷ್ಟು ಅಂತರ (12 ವಾರ ದಾಟಿದ ದಿನಗಳು ಲೆಕ್ಕದ ಅಂದಾಜು). ಇನ್ನೊಂದು ಸಮಾಧಾನದ ವಿಷಯ: ನಡುವೆ ಒಂದು ದಿನ ತಪ್ಪಿಹೋದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ಹಾಗಾಗಿ ಒಂದು ದಿನ ತಪ್ಪಿತು ಅಂತ ಪೂರ್ತಿ ಕೈಬಿಡಬೇಡಿ. ಮರುದಿನ ಅದೇ ಹೊತ್ತಿಗೆ ಹೋಗಿ ಕೂತರೆ ಆಯಿತು.

'ದಿನಾ ಅಭ್ಯಾಸ ಮಾಡುತ್ತೇನೆ' ಅಂತ ಸುಮ್ನೆ ನಿರ್ಧರಿಸಿದರೆ ಮೂರನೇ ದಿನಕ್ಕೆ ಮರೆತುಹೋಗುತ್ತದೆ. 'ಮನೆಗೆ ಬಂದು ಶೂ ಬಿಚ್ಚಿದ ಕೂಡಲೇ ಮೇಜಿನ ಮುಂದೆ ಕೂತು 25 ನಿಮಿಷ' ಅಂತ ಬರೆದಿಡಿ. ಯಾವ ಹೊತ್ತು, ಯಾವ ಜಾಗ, ಯಾವುದರ ಬೆನ್ನಿಗೆ ಅನ್ನುವುದು ಅದರಲ್ಲಿ ಇರಲಿ. ಪುಸ್ತಕದಲ್ಲಿ ಕಳೆಯುವ ಗುರುತು ಜಾಸ್ತಿ ಬಿದ್ದ ಹೊತ್ತನ್ನೇ ಇದಕ್ಕೆ ಕೊಡಿ. ಹೇಗಿದ್ದರೂ ಆ ಹೊತ್ತು ನಿಮಗೆ ಏನನ್ನೂ ಕೊಡುತ್ತಿರಲಿಲ್ಲ.

ಮೂರನೇ ಹೆಜ್ಜೆ: ನಿಮಗಾಗಿ ಒಬ್ಬರು ಕಾಯುವಂತಾಗಲಿ

ಇಡೀ ಲೇಖನದಲ್ಲಿ ಒಂದನ್ನೇ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ನಾನಿದ್ದ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಒಬ್ಬರೇ. ಓಡಾಡುವಷ್ಟು ಕಣ್ಣು ಕಾಣುತ್ತಿತ್ತು, ಅಕ್ಷರ ಮಾತ್ರ ಹಿಡಿಯುತ್ತಿರಲಿಲ್ಲ. ಒಂದು ಸಂಜೆ ಮೆಟ್ಟಿಲ ಹತ್ತಿರ ನಿಲ್ಲಿಸಿ, 'ಪೇಪರಲ್ಲಿ ಇದೊಂದು ಸುದ್ದಿ ಓದಿಬಿಡ್ತೀಯೇನಪ್ಪ?' ಅಂದರು. ನಿಂತೇ ಓದಿದೆ. ಮರುದಿನ ನಾನಾಗಿಯೇ ಹೋದೆ. ಕೊನೆಗೆ ಮಂಗಳವಾರ, ಗುರುವಾರ, ಸಂಜೆ ಏಳರಿಂದ ಏಳೂವರೆ ಅಂತ ಗೊತ್ತುಮಾಡಿಕೊಂಡೆವು.

ಅವರದ್ದೇ ಒಂದು ಕ್ರಮವಿತ್ತು. ಮೊದಲು ವಾಚಕರ ಪತ್ರ, ಆಮೇಲೆ ಹವಾಮಾನ, ಕೊನೆಗೆ ರಾಜಕೀಯ. ನಾನು ಓಡಿಸಿಕೊಂಡು ಓದಿದರೆ ಕೈ ಎತ್ತಿ ನಿಲ್ಲಿಸುತ್ತಿದ್ದರು. 'ಅಲ್ಲೊಂದು ಕಾಮಾ ಇರಬೇಕು, ನೋಡು.' ನೋಡಿದರೆ ಇರುತ್ತಿತ್ತು. ಮತ್ತೆ ಅದೇ ವಾಕ್ಯ, ಈ ಸಲ ಕಾಮಾ ಹತ್ತಿರ ಒಂದು ಉಸಿರು ನಿಂತು. ಅರ್ಧ ಗಂಟೆ ಹೋದದ್ದೇ ತಿಳಿಯುತ್ತಿರಲಿಲ್ಲ.

ಒಂದು ಗುರುವಾರ ಆಫೀಸಿನಲ್ಲಿ ತಡವಾಯಿತು. ನಾನು ಬಂದಾಗ ಎಂಟೂಕಾಲು. ಮಲಗಿರುತ್ತಾರೆ ಅಂದುಕೊಂಡು ಮೇಲೆ ಹೋಗುವವನಿದ್ದೆ. ಬಾಗಿಲು ತೆರೆದೇ ಇತ್ತು. ನನ್ನ ಕುರ್ಚಿಯನ್ನು ದೀಪದ ಕೆಳಗೆ ಎಳೆದಿಟ್ಟಿದ್ದರು. ವಾಚಕರ ಪತ್ರದ ಪುಟ ಮೇಲೆ ಬರುವ ಹಾಗೆ ಮಡಚಿದ ಪೇಪರು ಕುರ್ಚಿಯ ಮೇಲಿತ್ತು. ಅವರಿಗೆ ಆ ದೀಪ ಬೇಕಿರಲಿಲ್ಲ. ನನಗಾಗಿ ಹಾಕಿದ್ದರು. 'ತಡವಾಯ್ತಲ್ಲಪ್ಪ. ಹುಷಾರಾಗಿದ್ದೀಯ ತಾನೇ?' ಅಂದರು. 'ಇದ್ದೀನಿ ಮೇಷ್ಟ್ರೇ, ಕ್ಷಮಿಸಿ' ಅಂದೆ. ಗಂಟಲು ಕಟ್ಟಿತು. ನಾನು ಹೊತ್ತಿಗೆ ಬರಲಿಲ್ಲ ಅಂತ ಯಾರಾದರೂ ಗಮನಿಸಿ ಎಷ್ಟು ಕಾಲವಾಗಿತ್ತೋ.

ನಾನು 'ಗುರಿ' ಅಂತ ಹುಡುಕುತ್ತಿದ್ದ ವಸ್ತುವಿನ ಬಹುಪಾಲು ಅಲ್ಲೇ ಇತ್ತು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅನ್ನುವ ಮನಶ್ಶಾಸ್ತ್ರಜ್ಞರು ಮನುಷ್ಯನ ಮನಸ್ಸು ಅರಳಲು ಮೂರು ಬೇಕು ಅನ್ನುತ್ತಾರೆ: ನಾನೇ ಆರಿಸಿಕೊಂಡೆ ಅನ್ನುವ ಭಾವ, ನನಗೆ ಇದು ಬರುತ್ತದೆ ಅನ್ನುವ ಭಾವ, ನಾನು ಯಾರಿಗೋ ಸೇರಿದವನು ಅನ್ನುವ ಭಾವ. ಮಂಗಳವಾರದ ಆ ಅರ್ಧ ಗಂಟೆಯಲ್ಲಿ ಮೂರೂ ಇದ್ದವು. ಹಾರ್ವರ್ಡ್‌ನಲ್ಲಿ 1938ರಲ್ಲಿ ಶುರುವಾಗಿ ದಶಕಗಟ್ಟಲೆ ನಡೆದ ಅಧ್ಯಯನವೊಂದು 724 ಗಂಡಸರ ಬದುಕನ್ನು ಹರೆಯದಿಂದ ಮುಪ್ಪಿನವರೆಗೆ ಹಿಂಬಾಲಿಸಿತು. ಹಣ, ಹೆಸರಿಗಿಂತ ಹತ್ತಿರದ ಸಂಬಂಧಗಳು ಚೆನ್ನಾಗಿದ್ದವರೇ ಸುಖವಾಗಿ, ಆರೋಗ್ಯವಾಗಿ ಬಾಳಿದ್ದು ಅದರಲ್ಲಿ ಎದ್ದು ಕಂಡಿತು.

ನಿಮ್ಮ ಮೇಷ್ಟ್ರು ಬೇರೆ ಇರುತ್ತಾರೆ. ಓದು ಕಷ್ಟವಾಗುವ ಪಕ್ಕದ ಮನೆಯ ಮಗು ಇರಬಹುದು. ವಾರಕ್ಕೊಮ್ಮೆ ಸೇರಿ ಹಾಡುವ, ಆಡುವ, ಓದುವ ಸಣ್ಣ ಗುಂಪು ಇರಬಹುದು. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿಡಲು ಕೈ ಬೇಕಾಗಿರಬಹುದು. ಬೀದಿಯ ಪ್ರಾಣಿಗಳನ್ನು ನೋಡಿಕೊಳ್ಳುವವರು ಇರಬಹುದು. ಹೇಗೆ ಆರಿಸಬೇಕು ಅಂತ ನಾನು ಕಲಿತದ್ದು ಇಷ್ಟು. ದಿನ, ಹೊತ್ತು ಗೊತ್ತಾಗಿರಬೇಕು. 'ಬಿಡುವಾದಾಗ ಬರ್ತೀನಿ' ಅಂದರೆ ಯಾರೂ ಕಾಯುವುದಿಲ್ಲ. ಗುಂಪು ಚಿಕ್ಕದಿರಬೇಕು, ನೀವು ಹೋಗದಿದ್ದರೆ ಒಂದು ಜಾಗ ಖಾಲಿ ಕಾಣುವಷ್ಟು. 200 ಜನರ ಶಿಬಿರದಲ್ಲಿ ನೀವು ಬಂದರೂ ತಿಳಿಯದು, ಬರದಿದ್ದರೂ ತಿಳಿಯದು. ಮತ್ತೆ, ಮಾತು ಕೊಡುವಾಗ ಕಡಿಮೆ ಕೊಡಿ. ವಾರಕ್ಕೆ ಒಂದು ಗಂಟೆ ಸಾಕು. ಕಾಯಲು ಹೇಳಿ ಕೈಕೊಡುವುದು, ಹೋಗದೇ ಇರುವುದಕ್ಕಿಂತ ಕೆಟ್ಟದ್ದು.

ಸ್ನೇಹ ಬೇಗ ಕುದುರಲಿಲ್ಲ ಅಂತ ನಿರಾಶರಾಗಬೇಡಿ. ಜೆಫ್ರಿ ಹಾಲ್ ಅನ್ನುವವರು 2018ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಪರಿಚಯ ಇರುವವರು ಮಾಮೂಲಿ ಸ್ನೇಹಿತರಾಗಲು ಸುಮಾರು 50 ಗಂಟೆ, ಸ್ನೇಹಿತ ಅಂತ ಧೈರ್ಯವಾಗಿ ಹೇಳಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಜಾಸ್ತಿ ಜೊತೆಯಲ್ಲಿ ಕಳೆದಿರಬೇಕು. ಶಾಲೆಯಲ್ಲಿ ಇಷ್ಟು ಗಂಟೆ ಎರಡು ತಿಂಗಳಲ್ಲಿ ತಾನಾಗಿಯೇ ಸಿಗುತ್ತಿತ್ತು. ಈಗ ವಾರಕ್ಕೆ ಎರಡು ಗಂಟೆಯಂತೆ ಕೂಡಿಡಬೇಕು. 50 ಆಗಲು ಅರ್ಧ ವರ್ಷ ಬೇಕು. ನಾಲ್ಕು ಸಲ ಹೋಗಿ 'ಇಲ್ಲಿ ಯಾರೂ ನನ್ನವರಾಗಲಿಲ್ಲ' ಅನ್ನುವವರು ಲೆಕ್ಕದಲ್ಲಿ ಅವಸರ ಮಾಡುತ್ತಿದ್ದಾರೆ.

ಕೆಲಸ ಬಿಡಬೇಕಾ?

ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಅದಕ್ಕೇ ನಾನು ಇದನ್ನು ಹಿಂದಕ್ಕೆ ಹಾಕಿದ್ದೇನೆ. 12 ವಾರ ಮುಗಿಯುವವರೆಗೆ ರಾಜೀನಾಮೆ ಬೇಡ. ಕಿರುಕುಳ, ಮೋಸ, ಆರೋಗ್ಯ ಕೆಡಿಸುವ ದುಡಿತ ಇದ್ದರೆ ಈ ಮಾತು ನಿಮಗಲ್ಲ, ನೀವು ಹೊರಬರುವ ದಾರಿಯನ್ನು ಇವತ್ತೇ ನೋಡಿ.

ಇರುವ ಕೆಲಸದೊಳಗೇ ಸ್ವಲ್ಪ ಜಾಗ ಸರಿಸಿ ನೋಡಿ. ಆಮಿ ರೆಜ್ನೆಸ್ಕಿ ಮತ್ತು ಜೇನ್ ಡಟನ್ 2001ರಲ್ಲಿ ಬರೆದ ಪ್ರಬಂಧದಲ್ಲಿ ಆಸ್ಪತ್ರೆಯ ಶುಚಿ ಕೆಲಸದವರ ವಿಷಯ ಬರುತ್ತದೆ. ಎಲ್ಲರದ್ದೂ ಒಂದೇ ಕೆಲಸ. ಕೆಲವರು ಹೇಳಿದಷ್ಟು ಮಾಡಿ ಹೋಗುತ್ತಿದ್ದರು. ಇನ್ನು ಕೆಲವರು ರೋಗಿಗಳನ್ನು ಮಾತಾಡಿಸುತ್ತಿದ್ದರು, ನೋಡಲು ಬಂದವರಿಗೆ ನೆರವಾಗುತ್ತಿದ್ದರು, ವಾಸಿ ಮಾಡುವವರಲ್ಲಿ ನಾವೂ ಒಬ್ಬರು ಅಂದುಕೊಂಡಿದ್ದರು. ಅವರಿಗೆ ಅದೇ ಕೆಲಸ ಬೇರೆಯಾಗಿ ಕಾಣುತ್ತಿತ್ತು. ಕೆಟ್ಟ ಸಂಬಳಕ್ಕೆ ಇದು ಉತ್ತರವಲ್ಲ, ಹಾಗೆ ಯಾರಾದರೂ ಹೇಳಿದರೆ ಒಪ್ಪಬೇಡಿ. ಆದರೆ ನನ್ನ ಪುಸ್ತಕದಲ್ಲಿ ಹೊಸಬರಿಗೆ ಹೇಳಿಕೊಟ್ಟಾಗ ಕೂಡಿಸುವ ಗುರುತು ಬಿದ್ದಿತ್ತಲ್ಲ, ಅದನ್ನು ನೋಡಿ, ಹೊಸದಾಗಿ ಸೇರುವವರಿಗೆ ಮೊದಲ ವಾರ ಕಲಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ತಿಂಗಳಿಗೆ ನಾಲ್ಕೈದು ಗಂಟೆಯ ಮಾತು. ಉಳಿದ ಗಂಟೆಗಳನ್ನು ಎಳೆಯಲು ಅದು ಆಸರೆಯಾಯಿತು.

12 ವಾರವಾದ ಮೇಲೂ ಬಿಡಬೇಕು ಅನ್ನಿಸಿದರೆ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಒಂದು ಪ್ರಯೋಗ ಮಾಡಿದ್ದರು. ಕೆಲಸ ಬಿಡುವುದೋ ಬೇಡವೋ ಅನ್ನುವಂಥ ಗೊಂದಲದಲ್ಲಿದ್ದ ಸಾವಿರಾರು ಜನ ನಾಣ್ಯ ಚಿಮ್ಮಿದರು. ಆರು ತಿಂಗಳ ನಂತರ ಕೇಳಿದಾಗ, ದೊಡ್ಡ ನಿರ್ಧಾರಗಳಲ್ಲಿ, ಬದಲಾವಣೆ ಮಾಡಿಕೊಂಡವರೇ ಸರಾಸರಿಯಲ್ಲಿ ಜಾಸ್ತಿ ಖುಷಿಯಾಗಿದ್ದರು. ಇದರಿಂದ ನಾನು ತೆಗೆದುಕೊಂಡದ್ದು: ತುಂಬಾ ದಿನ ಅಡ್ಡಗೋಡೆಯ ಮೇಲೆ ಕೂತವರು ಇಳಿಯಲು ಹೆದರುತ್ತಾರೆ, ಹೆದರಬೇಕಾದ್ದಕ್ಕಿಂತ ಜಾಸ್ತಿಯೇ. ಆರು ತಿಂಗಳ ಖರ್ಚು ಕೈಯಲ್ಲಿದ್ದರೆ, ಸಾಲದ ಕಂತು ಕುತ್ತಿಗೆಗೆ ಬರದಿದ್ದರೆ, ಇಳಿಯಿರಿ. ಒಂದೇ ಷರತ್ತು. ಆ ನಿರ್ಧಾರವನ್ನು ಭಾನುವಾರ ರಾತ್ರಿ ತೆಗೆದುಕೊಳ್ಳಬೇಡಿ. ಬುಧವಾರ ಬೆಳಗ್ಗೆಯೂ ಹಾಗೇ ಅನ್ನಿಸುತ್ತದಾ ನೋಡಿ.

ಬೇರೆಯವರ ಬದುಕನ್ನು ನೋಡುವುದು

ದೂರದ ಬೆಟ್ಟ ನುಣ್ಣಗೆ. ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಮೊಬೈಲು ಬೆಟ್ಟವನ್ನು ಅಂಗೈಗೇ ತಂದು ಕೊಡುತ್ತದೆ, ಅದೂ ನುಣ್ಣಗಿನ ಮುಖವನ್ನಷ್ಟೇ. ನಮ್ಮನ್ನು ನಾವು ಬೇರೆಯವರ ಪಕ್ಕದಲ್ಲಿಟ್ಟು ಅಳೆಯುತ್ತೇವೆ ಅಂತ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. ಆ ಗುಣವನ್ನು ಕಿತ್ತುಹಾಕಲು ಆಗುವುದಿಲ್ಲ, ಪ್ರಯತ್ನವೂ ಬೇಡ. ಎರಡು ಕೆಲಸ ಮಾಡಿ. ನೋಡಿದ ಮೇಲೆ ಪ್ರತಿ ಸಲವೂ ಎದೆ ಭಾರವಾಗುವ ಐದು ಖಾತೆಗಳನ್ನು ಮ್ಯೂಟ್ ಮಾಡಿ. ಆಮೇಲೆ, ಅವರಲ್ಲೇ ನಿಮಗೆ ಸಲಿಗೆ ಇರುವ ಒಬ್ಬರಿಗೆ ಫೋನ್ ಮಾಡಿ, 'ಹೋದ ವಾರ ಹೇಗಿತ್ತು, ನಿಜ ಹೇಳು' ಅಂತ ಕೇಳಿ. ಮೊದಲು ನಿಮ್ಮ ವಾರವನ್ನು ನೀವು ನಿಜವಾಗಿ ಹೇಳಿ. ನಾನು ಹೀಗೆ ಕೇಳಿದ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, 'ನೀನಾದರೂ ಕೇಳಿದೆಯಲ್ಲ ಮಾರಾಯ' ಅಂದ. ಅವತ್ತು ಒಂದೂವರೆ ಗಂಟೆ ಮಾತಾಡಿದೆವು.

ಮನೆಯವರು, ನೆಂಟರು 'ಮುಂದೇನು?' ಅಂತ ಕೇಳುವುದೂ ಈ ವಯಸ್ಸಿನ ಒಂದು ಭಾರ. ಅದಕ್ಕೆ ಒಂದು ವಾಕ್ಯ ರೆಡಿ ಇಟ್ಟುಕೊಳ್ಳಿ: 'ಈ ಮೂರು ತಿಂಗಳು ಇದನ್ನು ಮಾಡ್ತಿದ್ದೀನಿ, ಆಮೇಲೆ ಕೂತು ಹೇಳ್ತೀನಿ.' ಕೇಳುವವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ನಿಮ್ಮ ಹತ್ತು ವರ್ಷದ ನಕ್ಷೆಯಲ್ಲ. ನೀವು ಸರಿಯಾಗಿದ್ದೀರಿ ಅನ್ನುವ ಧೈರ್ಯ ಸಾಕು ಅವರಿಗೆ.

ನಾಲ್ಕನೇ ಹೆಜ್ಜೆ: 'ಇಷ್ಟು ಸಾಕು' ಅನ್ನುವ ಗೆರೆ

ತೃಪ್ತಿ ಅಂದರೆ ಆಸೆ ಬಿಡುವುದು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಯಾವುದರಲ್ಲಿ ಇಷ್ಟು ಸಾಕು, ಯಾವುದರಲ್ಲಿ ಇನ್ನೂ ಬೇಕು ಅಂತ ಬಿಡಿಸಿ ತಿಳಿಯುವುದು. 1978ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಫಿಲಿಪ್ ಬ್ರಿಕ್ಮನ್ ಮತ್ತು ಜೊತೆಗಾರರು ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಜನರನ್ನು ಮಾತಾಡಿಸಿದರು. ಗೆಲ್ಲದವರಿಗಿಂತ ಅವರೇನೂ ಎದ್ದು ಕಾಣುವಷ್ಟು ಸುಖಿಗಳಾಗಿರಲಿಲ್ಲ. ಮೇಲಾಗಿ, ದಿನನಿತ್ಯದ ಸಣ್ಣಪುಟ್ಟ ಸಂಗತಿಗಳಲ್ಲಿ ಅವರಿಗೆ ಸಿಗುತ್ತಿದ್ದ ಖುಷಿ ಕಡಿಮೆಯಾಗಿತ್ತು. ಮನಸ್ಸು ಎಲ್ಲಕ್ಕೂ ಒಗ್ಗಿಕೊಳ್ಳುತ್ತದೆ. ಹೊಸ ಸಂಬಳಕ್ಕೂ, ಹೊಸ ಮನೆಗೂ.

ಒಂದು ಹಾಳೆಯಲ್ಲಿ ಬರೆಯಿರಿ: ಮನೆ, ಸಂಬಳ, ಬಟ್ಟೆ, ಗ್ಯಾಜೆಟ್ಟು, ಸ್ನೇಹ, ಕಲಿಕೆ, ಆರೋಗ್ಯ. ಒಂದೊಂದರ ಮುಂದೆ 'ಸಾಕು' ಅಥವಾ 'ಬೇಕು'. ಎಲ್ಲದಕ್ಕೂ 'ಬೇಕು' ಅಂತ ಬರೆದರೆ ಮತ್ತೊಮ್ಮೆ ಕೂತು ಬರೆಯಿರಿ. 'ಬೇಕು' ಎರಡೇ ಉಳಿಯಬೇಕು. ನನ್ನ ಹಾಳೆಯಲ್ಲಿ ಉಳಿದದ್ದು ಸ್ನೇಹ ಮತ್ತು ಕಲಿಕೆ. ನಾನು ಸಮಯ ಸುರಿಯುತ್ತಿದ್ದದ್ದು ಮಾತ್ರ ಮುಂದಿನ ಫೋನು ಯಾವುದು ಕೊಳ್ಳಲಿ ಅನ್ನುವ ವಿಡಿಯೊಗಳಿಗೆ.

ಇದರ ಜೊತೆಗೆ ವಾರಕ್ಕೊಮ್ಮೆ, ದಿನಾ ಬೇಡ, ಆ ವಾರ ಚೆನ್ನಾಗಿ ನಡೆದ ಐದು ಸಂಗತಿ ಬರೆದಿಡಿ. ರಾಬರ್ಟ್ ಎಮನ್ಸ್ ಮತ್ತು ಮೈಕಲ್ ಮೆಕಲಾ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರ ಹೀಗೆ ಬರೆದವರು, ವಾರದ ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದ ಇದ್ದರು. 'ಗೆಳೆಯರಿದ್ದಾರೆ' ಅಂತ ಬರೆದರೆ ನಾಟುವುದಿಲ್ಲ. 'ಜ್ವರ ಬಂದ ದಿನ ಅವನು ಮಾತ್ರೆ ತಂದು ಬಾಗಿಲ ಬಳಿ ಇಟ್ಟುಹೋದ' ಅಂತ ಬರೆಯಿರಿ.

12 ವಾರ ಮುಗಿದಾಗ

ಮತ್ತೆ 7 ದಿನ, ಅದೇ ಮೂರು ಅಂಕಣ. ಹಳೆಯ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಕೂಡಿಸುವ ಗುರುತು ಎಷ್ಟು ಜಾಸ್ತಿಯಾಗಿದೆ, ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ? ಹಿಡಿದ ಕೆಲಸದಲ್ಲಿ ಕೂಡಿಸುವ ಗುರುತು ಒಂದೂ ಬಿದ್ದಿಲ್ಲ ಅಂದರೆ ಬಿಟ್ಟುಬಿಡಿ. ಅದು ಸೋಲಲ್ಲ, ಮೂರು ತಿಂಗಳಲ್ಲಿ ಒಂದು ವಿಷಯ ಖಚಿತವಾಗಿ ತಿಳಿಯಿತು. ಬಿಟ್ಟ ಜಾಗವನ್ನು ತಕ್ಷಣ ತುಂಬಬೇಡಿ, ಎರಡು ವಾರ ಖಾಲಿ ಇರಲಿ. ಆ ಖಾಲಿ ಹೊತ್ತಿನಲ್ಲಿ ಕೈ ತಾನಾಗಿ ಎತ್ತ ಹೋಗುತ್ತದೆ ಅಂತ ನೋಡಿ.

ಚೆನ್ನಾಗಿದೆ ಅನ್ನಿಸಿದರೆ ಮುಂದಿನ ಎರಡು ವರ್ಷಕ್ಕೆ ಅಂತ ಆರಿಸಿಕೊಳ್ಳಿ. ಜೀವನಪೂರ್ತಿಗೆ ಅಂತ ಆರಿಸಬೇಡಿ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು 18ರಿಂದ 68 ವರ್ಷದ 19,000ಕ್ಕೂ ಹೆಚ್ಚು ಜನರನ್ನು ಕೇಳಿತ್ತು: ಕೆಲವರನ್ನು, ಹಿಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾದಿರಿ ಅಂತ; ಉಳಿದವರನ್ನು, ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಬದಲಾಗುತ್ತೀರಿ ಅಂತ. ಹಿಂದಿನದನ್ನು ಹೇಳಿದವರು ತುಂಬಾ ಬದಲಾದೆವು ಅಂದರು, ಮುಂದಿನದನ್ನು ಊಹಿಸಿದವರು ಅಷ್ಟೇನೂ ಬದಲಾಗುವುದಿಲ್ಲ ಅಂದರು. ಎಲ್ಲ ವಯಸ್ಸಿನವರೂ ಹಾಗೇ ಅಂದರು. 38ರ ನಿಮಗೆ ಏನು ಬೇಕಾಗುತ್ತದೆ ಅಂತ 28ರ ನೀವು ಈಗಲೇ ಹೇಳಲಾರಿರಿ. ಹೇಳಬೇಕಾಗಿಯೂ ಇಲ್ಲ.

ಮಂಗಳವಾರ, ಗುರುವಾರದ ಮಾತು ಬೇರೆ. ನಿಮ್ಮನ್ನು ಕಾಯುವವರಿಗೆ ಕೊಟ್ಟ ಹೊತ್ತನ್ನು 12 ವಾರ ಮುಗಿಯಿತು ಅಂತ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಒಂದು ತಿಂಗಳು ಮೊದಲೇ ಎದುರು ಕೂತು ಹೇಳಿ, ನಿಮ್ಮ ಜಾಗಕ್ಕೆ ಬರುವವರನ್ನು ಜೊತೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ. ನಾನು ಆ ಮನೆ ಬಿಡುವಾಗ ಮೇಲಿನ ಮನೆಯ ಕಾಲೇಜು ಹುಡುಗನನ್ನು ಮೇಷ್ಟ್ರ ಹತ್ತಿರ ಕರೆದುಕೊಂಡು ಹೋದೆ. ಮೊದಲ ಪತ್ರದ ಎರಡನೇ ವಾಕ್ಯದಲ್ಲೇ ಅವರು ಕೈ ಎತ್ತಿ ನಿಲ್ಲಿಸಿದರು. 'ಅಲ್ಲೊಂದು ಕಾಮಾ ಇರಬೇಕು, ನೋಡು.' ಹುಡುಗ ಪೇಪರನ್ನು ದೀಪದ ಹತ್ತಿರಕ್ಕೆ ಹಿಡಿದು ನೋಡಿದ.